ಮೇಜು ಗುದ್ದಿ ಎದ್ದುಬಂದ ಮಾತುಕತೆ

ಬೆಳ್ಳಿಹಬ್ಬದ ಸಂಚಿಕೆಗೆ ಹಾಲಿನ ಸಹಕಾರದ ಇತಿಹಾಸ ಬರೆದುಕೊಡಿ ಎಂದು ಆಡಳಿತ ಮಂಡಳಿಯವರು ನಮಗೆ ಹೇಳಿದರು. ಬರೀ ಇಸವಿಗಳ ಪಟ್ಟಿ ಕೊಟ್ಟರೆ ಯಾರೂ ಓದೋದಿಲ್ಲ ಅನ್ನೋದು ನಮಗೆ ಗೊತ್ತು. ಆದ್ದರಿಂದ ಕೆಟ್ಟುಹೋದ ಒಂದು ವ್ಯಾಪಾರದ ಮಾತುಕತೆಯ ಸಂಗತಿಯನ್ನಷ್ಟೇ ಸದಸ್ಯ ಬಾಂಧವರ ಮುಂದಿಡುತ್ತೇವೆ.

ಗುಜರಾತಿನ ಖೇಡಾ ಜಿಲ್ಲಾ ಹಾಲು ಉತ್ಪಾದಕರ ಸಂಘ 1946ರಲ್ಲಿ ನೋಂದಣಿಯಾಯಿತು. ತ್ರಿಭುವನದಾಸ್ ಪಟೇಲರು ಅದರ ಹಿರಿಯರು. 1949ರಲ್ಲಿ ಆಣಂದಕ್ಕೆ ಬಂದ ವರ್ಗೀಸ್ ಕುರಿಯನ್ ಅವರ ಕೈಗೆ ಸಂಘದ ಆಡಳಿತ ಬಂತು. ಎಮ್ಮೆ ಹಾಲಿನಿಂದ ಪುಡಿ ಮಾಡೋಕಾಗಲ್ಲ ಅಂತ ಹೊರದೇಶದ ತಜ್ಞರು ಹೇಳುತ್ತಿದ್ದ ಕಾಲ ಅದು. ಎಚ್.ಎಂ. ದಲಾಯ ಮಾಡಿಯೇ ತೋರಿಸಿದರು. 1955ರಲ್ಲಿ ಕಾರ್ಖಾನೆಯೂ ಎದ್ದಿತು.

ಮರುವರ್ಷ ಕುರಿಯನ್ ಸ್ವಿಟ್ಜರ್ಲೆಂಡಿನ ವೆವೆ ಊರಿಗೆ, ನೆಸ್ಲೆ ಕಂಪನಿಯ ಮುಖ್ಯ ಕಚೇರಿಗೆ ಹೋದರು. ಕಂಪನಿಗೆ ನಮ್ಮ ದೇಶದಲ್ಲಿ ಕಂಡೆನ್ಸ್ಡ್ ಮಿಲ್ಕ್ ಮಾಡಿ ಮಾರುವ ಆಸೆ. ಸರ್ಕಾರಕ್ಕೆ ಬೇಕಾದದ್ದು ಬೇರೆ: ಪುಡಿ, ಸಕ್ಕರೆ ಹೊರಗಿಂದ ತರುವ ಬದಲು ನಮ್ಮ ರೈತರ ಹಾಲನ್ನೇ ಕೊಳ್ಳಲಿ ಎಂಬುದು. ಮಾತು ಅಲ್ಲಿಯವರೆಗೆ ನೆಟ್ಟಗಿತ್ತು. ನಮ್ಮ ಜನಕ್ಕೇ ಕೆಲಸ ಕಲಿಸಿ ಅಂತ ಕುರಿಯನ್ ಕೇಳಿದಾಗ ಹಳಿ ತಪ್ಪಿತು. ಇದು ಬಹಳ ನಾಜೂಕಿನ ಕೆಲಸ, ನೆಟಿವರ ಕೈಗೆ ಬಿಡಲಾಗದು ಎಂಬ ಅರ್ಥದ ಉತ್ತರ ಬಂತಂತೆ. ಎದುರಿಗೆ ಕೂತವರೂ ನೆಟಿವರೇ ಎಂಬುದು ಅವರಿಗೆ ಹೊಳೆಯಲಿಲ್ಲವೋ ಏನೋ! ಕುರಿಯನ್ ಮೇಜು ಗುದ್ದಿ ಎದ್ದು ಹೊರಟೇಬಿಟ್ಟರು. 2005ರಲ್ಲಿ ಬಂದ ಆತ್ಮಕಥೆಯಲ್ಲಿ ಅವರೇ ಇದನ್ನು ಬರೆದುಕೊಂಡಿದ್ದಾರೆ; ಎದುರು ಕಡೆಯವರ ಮಾತನ್ನು ನಾವು ಓದಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಕೆಲಸ ನಾಜೂಕಿನದೇ. ಸಕ್ಕರೆ ಬೆರೆಸಿ, ಗಾಳಿಯ ಒತ್ತಡ ತಗ್ಗಿಸಿದ ಪಾತ್ರೆಯಲ್ಲಿ ಕಡಿಮೆ ಬಿಸಿಗೇ ನೀರಿನಂಶ ಇಂಗಿಸಬೇಕು. ತಣಿಸುವಾಗ ಸ್ವಲ್ಪ ಎಚ್ಚರ ತಪ್ಪಿದರೂ ಹಾಲಿನೊಳಗಿನ ಸಕ್ಕರೆ ದಪ್ಪ ಹರಳಾಗಿ ನಾಲಿಗೆಗೆ ಮರಳು ಸಿಕ್ಕಿದ ಹಾಗಾಗುತ್ತೆ. ಆದರೆ ಒಲೆ ಮುಂದೆ ಕೂತು ತಳ ಹತ್ತದ ಹಾಗೆ ಖೋವಾ ಕಾಯಿಸುವ ನಮ್ಮ ಹೆಣ್ಣುಮಕ್ಕಳಿಗೆ ನಾಜೂಕು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಲಿಯಲಾರರು ಅಂದದ್ದೇ ತಪ್ಪು. 1958ರಲ್ಲಿ ಆಣಂದದಲ್ಲೇ ಕಂಡೆನ್ಸ್ಡ್ ಮಿಲ್ಕ್ ತಯಾರಾಗತೊಡಗಿತು.

ಅದೇ ಆಣಂದ ಮಾದರಿಯಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ 1974ರಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಹಾಲಿನ ಸಂಘಗಳು ಶುರುವಾದವು. ನಮ್ಮೂರಿಗೆ ಬರಲು ಇನ್ನೂ ಕಾಲು ಶತಮಾನ ಹಿಡಿಯಿತು, ಇರಲಿ. ಸಂಘ ಕಟ್ಟುವಾಗ ನಮ್ಮವರೇ ಕೆಲವರು, ಎಮ್ಮೆ ಕಾಯೋರಿಗೆ ಫ್ಯಾಟಿನ ಲೆಕ್ಕ ಎಲ್ಲಿ ತಿಳಿಯುತ್ತೆ, ಪಟ್ಟಣದಿಂದ ಯಾರನ್ನಾದರೂ ಕರೆಸಿ ಎಂದಿದ್ದರು. ಆ ಸಭೆಯಲ್ಲಿ ತಲೆಯಾಡಿಸಿದವರಲ್ಲಿ ನಾವೂ ಇದ್ದೆವು. ಮೊದಲ ದಿನದಿಂದ ಫ್ಯಾಟ್ ಪರೀಕ್ಷೆ ಮಾಡಿದ್ದು ಮಾತ್ರ ಕೆಳಗಿನ ಬೀದಿಯ ಹುಡುಗಿ, ಎಸ್ಸೆಸ್ಸೆಲ್ಸಿ ಮುಗಿಸಿದವಳು. ಆಕೆಯ ಕೈಬರಹದ ಆ ವರ್ಷದ ಪುಸ್ತಕ ಸಂಘದ ಬೀರುವಿನಲ್ಲಿದೆ, ಬೇಕಾದವರು ಬಂದು ನೋಡಬಹುದು.