ಹೇಳಿದವರೂ ಕೇಳಿದವರೂ

ಕಳೆದ ತಿಂಗಳು ಒಂದು ರಾತ್ರಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. ಎಂಟರಿಂದ ಹತ್ತನೆಯ ತರಗತಿಯವರೆಗೆ ನನ್ನಲ್ಲಿ ಇತಿಹಾಸ ಓದಿದವಳು. ಈಗ ಅವಳೇ ಒಂದು ಕಾಲೇಜಿನಲ್ಲಿ ಉಪನ್ಯಾಸಕಿ. ಕುಶಲಪ್ರಶ್ನೆಗಳು ಮುಗಿದ ಮೇಲೆ ತಡವರಿಸುತ್ತ ಹೇಳಿದಳು: "ಸರ್, ನಮ್ಮ ಕ್ಲಾಸಿನ್ಯಾಗ ಒಬ್ಬ ಹುಡುಗ ಅದಾನ್ರಿ. ಒಂದು ಹುಡುಗಿ ಹೋದಲ್ಲೆಲ್ಲಾ ಬೆನ್ನು ಹತ್ತತಾನ. ಆಕಿ ಎರಡು ಸಲ ಬ್ಯಾಡ ಅಂದಾಳ. ಈಗ ಗೆಳೆಯರ ಜೋಡಿ ಮಾತೂ ಬಿಟ್ಟಾನ. ಯಾರಿಗೆ ಹೇಳಲಿ? ನಾನೇ ತಪ್ಪು ತಿಳಕೊಂಡಿದ್ದರ ಆ ಹುಡುಗನ ಬಾಳು ಹಾಳಾಗತದಲ್ರಿ?"

ಆ ರಾತ್ರಿ ನಾನು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪಾಠ ಹೇಳಿದವನಿಗೆ ಇದಕ್ಕೆ ನೇರವಾದ ಉತ್ತರ ತಿಳಿಯದೇ ಎಂದು ನಿದ್ದೆ ಬರಲಿಲ್ಲ. ಮರುದಿನದಿಂದ ಹಳೆಯ ಪತ್ರಿಕೆಗಳನ್ನೂ ಪುಸ್ತಕಗಳನ್ನೂ ತಿರುವಿ ಹಾಕಿದೆ. ಅವಳಿಗೂ, ಅವಳಂತೆ ಶಿಕ್ಷಕರೋ ತಂದೆತಾಯಿಗಳೋ ಆಗಿರುವ ನಿಮಗೂ ಹೇಳಬೇಕೆನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ತೊಂಬತ್ತರ ದಶಕದ ನಡುವಿನ ಮಾತು. ಹತ್ತನೆಯ ತರಗತಿಯ ಜಾಣ ಹುಡುಗಿಯೊಬ್ಬಳು ಒಂದು ಸಂಜೆ ನನ್ನ ಬಳಿ ಬಂದು, ಬಸ್ ನಿಲ್ದಾಣದಲ್ಲಿ ಒಬ್ಬ ದಿನವೂ ಕಾಯುತ್ತಾನೆ, ಮನೆಯ ಓಣಿಯವರೆಗೂ ಬರುತ್ತಾನೆ ಎಂದಳು. ನಾನು ಆಗ ಆಡಿದ ಮಾತು ಇಂದಿಗೂ ನೆನಪಿದೆ: "ಲಕ್ಷ್ಯ ಕೊಡಬ್ಯಾಡವಾ, ಬ್ಯಾರೆ ದಾರಿಲೆ ಹೋಗು." ಅವಳು ಬೇರೆ ದಾರಿ ಹಿಡಿದಳು, ಅವನೂ ಹಿಡಿದ. ಕೊನೆಗೆ ವಿಷಯ ಮನೆಗೆ ಗೊತ್ತಾಗಿ, ಪರೀಕ್ಷೆ ಮುಗಿದ ಮೇ ತಿಂಗಳಲ್ಲಿಯೇ ಅವಳ ಮದುವೆ ಮಾಡಿಬಿಟ್ಟರು. ಪ್ರಾಣಾಪಾಯವೇನೂ ಆಗಲಿಲ್ಲವಲ್ಲ ಎಂದು ನಾನು ಸಮಾಧಾನಪಟ್ಟುಕೊಂಡೆ. ಆದರೆ ಆ ಹುಡುಗಿಯ ಓದು ಅಲ್ಲಿಗೇ ನಿಂತಿತು. ತಪ್ಪು ಮಾಡಿದವನು ನಿಲ್ದಾಣದಲ್ಲಿಯೇ ಉಳಿದ, ಶಿಕ್ಷೆ ಹೇಳಿದವಳಿಗಾಯಿತು. ಧಾರವಾಡದಲ್ಲಿ ಬಿ.ಎಡ್. ಓದುವಾಗ ಶೈಕ್ಷಣಿಕ ಮನೋವಿಜ್ಞಾನದ ಪತ್ರಿಕೆಯಲ್ಲಿ ಒಳ್ಳೆಯ ಅಂಕಗಳನ್ನೇ ಪಡೆದಿದ್ದೆ. ಮಗುವೊಂದು ಎದುರಿಗೆ ನಿಂತು ಭಯವನ್ನು ಬಾಯಿಬಿಟ್ಟು ಹೇಳಿದಾಗ ಅದು ಯಾವುದೂ ನೆರವಿಗೆ ಬರಲಿಲ್ಲ.

ನನ್ನದೊಬ್ಬನದೇ ತಪ್ಪು ಎನ್ನಲಾರೆ. ಅಂದಿನ ನಮ್ಮ ಭಾಷೆಯಲ್ಲಿಯೇ ಇದಕ್ಕೆ ಗಂಭೀರವಾದ ಹೆಸರಿರಲಿಲ್ಲ. 'ಚುಡಾಯಿಸುವುದು', 'ಕಾಡಿಸುವುದು', 'ಹುಡುಗಾಟ' ಎಂಬ ಪದಗಳಲ್ಲಿಯೇ ಒಂದು ಬಗೆಯ ಕ್ಷಮೆ ಅಡಗಿದೆ. ಹೆಸರಿಲ್ಲದ ಅಪರಾಧಕ್ಕೆ ದೂರೂ ಇರುವುದಿಲ್ಲ. ನಮ್ಮ ವಿದ್ಯಾಸಂಸ್ಥೆಗಳ ಆವರಣಗಳಲ್ಲಿ ಈ ಬಗೆಯ ವರ್ತನೆಗಳಿಗೆ ಒಂದೊಂದಾಗಿ ಹೆಸರು ಬಂದದ್ದು ಹೇಗೆ ಎಂಬುದೇ ಒಂದು ಇತಿಹಾಸ.

ಮೊದಲು ಹೆಸರು ಪಡೆದದ್ದು ರ‍್ಯಾಗಿಂಗ್. ಕರ್ನಾಟಕ ಶಿಕ್ಷಣ ಕಾಯ್ದೆ ಅದನ್ನು ಹೆಸರಿಸಿ ನಿಷೇಧಿಸಿತು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದ ಎಲ್ಲ ಸಂಸ್ಥೆಗಳಿಗೂ ಮಾರ್ಗಸೂಚಿ ಕೊಟ್ಟಿತು. ಅದು ಕಾಗದದಲ್ಲಿಯೇ ಉಳಿಯಿತೆಂದು ಕಂಡಾಗ ಸಿಬಿಐನ ನಿವೃತ್ತ ನಿರ್ದೇಶಕ ಆರ್.ಕೆ. ರಾಘವನ್ ಅವರ ಸಮಿತಿ ನೇಮಕವಾಗಿ 2007ರಲ್ಲಿ ವರದಿ ಬಂತು. ಆದರೂ 2009ರ ಮಾರ್ಚ್ ತಿಂಗಳಲ್ಲಿ ಹಿಮಾಚಲ ಪ್ರದೇಶದ ಕಾಂಗ್ರಾ ಜಿಲ್ಲೆಯ ವೈದ್ಯಕೀಯ ಕಾಲೇಜೊಂದರಲ್ಲಿ ಹೊಸ ವಿದ್ಯಾರ್ಥಿಯೊಬ್ಬ ಹಿರಿಯರ ಹೊಡೆತಕ್ಕೆ ಬಲಿಯಾದ. ಅದೇ ವರ್ಷದ ಜೂನ್‌ನಲ್ಲಿ ಯುಜಿಸಿಯ ಕಟ್ಟುನಿಟ್ಟಿನ ನಿಯಮಾವಳಿ ಬಂತು. ನಿಮ್ಮ ಮಕ್ಕಳು ಕಾಲೇಜು ಸೇರುವಾಗ ಅವರಿಂದಲೂ ನಿಮ್ಮಿಂದಲೂ ಬರೆಸಿಕೊಳ್ಳುವ ಪ್ರಮಾಣಪತ್ರ, 1800-180-5522 ಎಂಬ ಸಹಾಯವಾಣಿ ಇವೆಲ್ಲ ಆ ಸಾವಿನ ನಂತರದವು.

ಹೆಣ್ಣುಮಕ್ಕಳ ವಿಷಯದಲ್ಲಿ 1997ರ ವಿಶಾಖಾ ತೀರ್ಪು ಮೊದಲ ಮೈಲಿಗಲ್ಲು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರೇ 2012ರ ದೆಹಲಿಯ ಘಟನೆಯ ಬಳಿಕ ನೇಮಕವಾದ ಸಮಿತಿಯ ನೇತೃತ್ವ ವಹಿಸಿ, 2013ರ ಜನವರಿಯಲ್ಲಿ ವರದಿ ಕೊಟ್ಟರು. ಒಲ್ಲೆನೆಂದು ಸ್ಪಷ್ಟವಾಗಿ ಹೇಳಿದ ಮೇಲೂ ಹೆಣ್ಣನ್ನು ಪದೇ ಪದೇ ಹಿಂಬಾಲಿಸುವುದು, ಸಂಪರ್ಕಿಸಲು ಯತ್ನಿಸುವುದು, ಅವಳ ಮೊಬೈಲ್ ಮತ್ತು ಇಂಟರ್‌ನೆಟ್ ಬಳಕೆಯ ಮೇಲೆ ಕಣ್ಣಿಡುವುದು ತಾನಾಗಿಯೇ ಒಂದು ಅಪರಾಧವೆಂದು ನಮ್ಮ ದಂಡಸಂಹಿತೆ ಒಪ್ಪಿಕೊಂಡದ್ದು ಆ ವರ್ಷ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮು. ಮೊದಲ ಸಲಕ್ಕೆ ಮೂರು ವರ್ಷಗಳವರೆಗೆ, ಮರುಕಳಿಸಿದರೆ ಐದು ವರ್ಷಗಳವರೆಗೆ ಸೆರೆವಾಸ. ನನ್ನ ಆ ವಿದ್ಯಾರ್ಥಿನಿ ನನ್ನೆದುರು ನಿಂತ ದಿನ ಈ ಕಲಮು ಇರಲಿಲ್ಲ. ಆದರೆ ಕಲಮು ಇಲ್ಲದಿದ್ದರೂ ಕಿವಿ ಇತ್ತಲ್ಲ!

ಆದರೆ ಕಾನೂನಿಗಿಂತ ಹಿಂದಿನ ಮೆಟ್ಟಿಲು ಒಂದಿದೆ: ಕಂಡವರು ಹೇಳುವುದು, ಹೇಳಿದ್ದನ್ನು ಕೇಳುವುದು. ಈ ಬಗ್ಗೆ ಜಗತ್ತಿಗೆ ಪಾಠವಾದ ಮೊದಲ ಪ್ರಕರಣದಲ್ಲಿ ನಮ್ಮ ದೇಶದವನೇ ಇದ್ದನೆಂಬುದು ಹಲವರಿಗೆ ತಿಳಿದಿರಲಾರದು. ಖರಗ್‌ಪುರದ ಐಐಟಿಯಲ್ಲಿ ಓದಿ ಅಮೆರಿಕೆಯ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದ್ದ ಒಬ್ಬ ತರುಣ, ತನ್ನನ್ನು ಒಲ್ಲೆನೆಂದ ಹುಡುಗಿಯನ್ನು ಕೊಲ್ಲುವ ಯೋಚನೆಯಿದೆಯೆಂದು 1969ರಲ್ಲಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಿಗೆ ತಾನೇ ಹೇಳಿದ. ಅವರು ಸುಮ್ಮನಿರಲಿಲ್ಲ, ಆವರಣದ ಪೊಲೀಸರಿಗೆ ಬರೆದು ತಿಳಿಸಿದರು. ಪೊಲೀಸರು ಅವನನ್ನು ಕರೆದು ಮಾತನಾಡಿಸಿ, ನೆಟ್ಟಗೇ ಇದ್ದಾನೆಂದು ಬಿಟ್ಟುಬಿಟ್ಟರು. ಆ ಹುಡುಗಿಗಾಗಲಿ ಅವಳ ತಂದೆತಾಯಿಗಳಿಗಾಗಲಿ ಯಾರೂ ಒಂದು ಮಾತು ಹೇಳಲಿಲ್ಲ. ಅಕ್ಟೋಬರ್ 27ರಂದು ಅವಳ ಕೊಲೆಯಾಯಿತು. ಟರಾಸಾಫ್ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯ 1976ರಲ್ಲಿ ಒಂದು ತತ್ತ್ವವನ್ನು ಗಟ್ಟಿಗೊಳಿಸಿತು: ರೋಗಿಯ ಗುಟ್ಟನ್ನು ಕಾಯುವುದು ಚಿಕಿತ್ಸಕನ ಧರ್ಮ, ಆದರೆ ಇನ್ನೊಂದು ಜೀವಕ್ಕೆ ಅಪಾಯವಿದೆಯೆಂದಾಗ ಆ ಜೀವವನ್ನು ಕಾಯುವುದೂ ಅವನ ಧರ್ಮ.

ಆದರೂ 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್‌ನಲ್ಲಿ ಒಬ್ಬ ವಿದ್ಯಾರ್ಥಿ 32 ಮಂದಿಯನ್ನು ಗುಂಡಿಟ್ಟು ಕೊಂದ. ಸತ್ತವರಲ್ಲಿ ತಮಿಳುನಾಡು ಮೂಲದ ಪ್ರಾಧ್ಯಾಪಕ ಜಿ.ವಿ. ಲೋಗನಾಥನ್ ಅವರೂ ಒಬ್ಬರು. ಅದಕ್ಕೂ ಒಂದೂವರೆ ವರ್ಷ ಮೊದಲೇ ಇಂಗ್ಲಿಷ್ ವಿಭಾಗದ ಮುಖ್ಯಸ್ಥೆ ಲೂಸಿಂಡಾ ರಾಯ್ ಅವನ ಬರಹವನ್ನೂ ವರ್ತನೆಯನ್ನೂ ಕಂಡು ಕಳವಳಗೊಂಡು ಸಂಬಂಧಪಟ್ಟ ಕಚೇರಿಗಳಿಗೆ ತಿಳಿಸಿದ್ದರು. ಅವನ ಕಾಟದ ಬಗ್ಗೆ ಸಹಪಾಠಿನಿಯರು ಪೊಲೀಸರಿಗೆ ಹೇಳಿದ್ದರು. ನ್ಯಾಯಾಲಯ ಚಿಕಿತ್ಸೆಗೂ ಸೂಚಿಸಿತ್ತು. ತನಿಖಾ ಸಮಿತಿಗೆ ಕಂಡದ್ದೇನು? ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಚೂರು ಇತ್ತು; ಚೂರುಗಳನ್ನು ಜೋಡಿಸಿ ನೋಡಿದವರು ಯಾರೂ ಇರಲಿಲ್ಲ. ಗೌಪ್ಯತೆಯ ಕಾನೂನನ್ನು ತಪ್ಪಾಗಿ ತಿಳಿದು ಒಬ್ಬರು ಇನ್ನೊಬ್ಬರಿಗೆ ಹೇಳಿರಲಿಲ್ಲ. 2008ರಲ್ಲಿ ಆ ರಾಜ್ಯ, ತನ್ನ ಸರಕಾರಿ ವಿಶ್ವವಿದ್ಯಾಲಯಗಳಲ್ಲೆಲ್ಲ ಇಂಥ ಚೂರುಗಳನ್ನು ಒಂದೆಡೆ ಕೂಡಿಸಿ ನೋಡುವ ತಂಡವಿರಬೇಕೆಂದು ಕಾನೂನು ಮಾಡಿತು.

ಇವೆಲ್ಲ ದೂರದೇಶದ ಮಾತು ಎಂದುಕೊಂಡಿದ್ದೆವು. 2024ರ ಏಪ್ರಿಲ್ 18ರ ಸಂಜೆ ಅದು ನಮ್ಮ ಮನೆಬಾಗಿಲಿಗೆ ಬಂತು. ಹುಬ್ಬಳ್ಳಿ ವಿದ್ಯಾನಗರದ ಬಿ.ವಿ.ಬಿ. ಆವರಣವನ್ನು ಬಲ್ಲದವರು ನಮ್ಮಲ್ಲಿ ಯಾರಿದ್ದಾರೆ? 1947ರಲ್ಲಿ ಅಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆದಂದಿನಿಂದ ಉತ್ತರ ಕರ್ನಾಟಕದ ಎಷ್ಟು ಮನೆಗಳ ದೀಪ ಅಲ್ಲಿಂದ ಹೊತ್ತಿವೆ! ಆ ಆವರಣದಲ್ಲಿ, ಪರೀಕ್ಷೆಯ ಕಾಲದಲ್ಲಿ, 23 ವರ್ಷದ ಎಂ.ಸಿ.ಎ. ವಿದ್ಯಾರ್ಥಿನಿಯನ್ನು ಹಾಡಹಗಲೇ ಇರಿದು ಕೊಲ್ಲಲಾಯಿತು. ಆರೋಪಿ ಹಿಂದೆ ಅವಳೊಡನೆ ಪದವಿ ಓದಿದವನು. ಊರು ಕುದಿಯಿತು, ಬಂದ್ ಆಯಿತು, ತನಿಖೆ ಸಿಐಡಿಗೆ ಹೋಯಿತು. ಅಪರಾಧದ ತೀರ್ಮಾನ ನ್ಯಾಯಾಲಯದ್ದು. ಆ ಬಗ್ಗೆ ನಾನು ಮಾತನಾಡುವುದಿಲ್ಲ.

ಸರಿಯಾಗಿ 27 ದಿನಗಳ ಬಳಿಕ, ಮೇ 15ರ ಬೆಳಗಿನ ಜಾವ, ಅದೇ ಹುಬ್ಬಳ್ಳಿಯ ವೀರಾಪುರ ಓಣಿಯಲ್ಲಿ 20 ವರ್ಷದ ಇನ್ನೊಬ್ಬ ಹುಡುಗಿ ತನ್ನ ಮನೆಯಲ್ಲಿಯೇ ಕೊಲೆಯಾದಳು. ಬಡವರ ಮನೆಯ ಮಗಳು. ಆರೋಪಿ ಮೊದಲೇ ಬೆದರಿಕೆ ಹಾಕಿದ್ದ, ಆ ಬಗ್ಗೆ ಅಜ್ಜಿ ಠಾಣೆಗೂ ಹೋಗಿ ಹೇಳಿದ್ದರು ಎಂದು ಮನೆಯವರು ಗೋಳಿಟ್ಟರು. ಕರ್ತವ್ಯಲೋಪದ ಆರೋಪದ ಮೇಲೆ ಪೊಲೀಸ್ ಅಧಿಕಾರಿಗಳು ಅಮಾನತುಗೊಂಡರು. ಅಮಾನತಿನ ಆದೇಶ ಆ ಅಜ್ಜಿಗೆ ಮೊಮ್ಮಗಳನ್ನು ತಂದುಕೊಡಲಿಲ್ಲ. ಆ ಸುದ್ದಿ ಓದಿದ ದಿನ ನನಗೆ ನೆನಪಾದದ್ದು, ಮೂವತ್ತು ವರ್ಷಗಳ ಹಿಂದೆ ನನ್ನೆದುರು ನಿಂತಿದ್ದ ಹುಡುಗಿಯ ಮುಖ. ಅಂದು ನಾನೂ ಒಂದು ಠಾಣೆಯೇ ಆಗಿದ್ದೆನಲ್ಲವೇ?

ಆ ಎರಡು ಕೊಲೆಗಳ ಬಳಿಕ ನಮ್ಮ ಊರಿನಲ್ಲಿ ಎದ್ದ ಮಾತುಗಳಲ್ಲಿ ಹೆಚ್ಚಿನವು ಜಾತಿ-ಮತಗಳ ಸುತ್ತಲೇ ಸುತ್ತಿದವು. ಒಂದರ ಆರೋಪಿ ಒಂದು ಮತದವನು, ಇನ್ನೊಂದರವನು ಇನ್ನೊಂದು ಮತದವನು. ಎರಡರಲ್ಲೂ ಆರೋಪದ ಬುಡ ಮಾತ್ರ ಒಂದೇ: ಒಲ್ಲೆನೆಂಬ ಮಾತನ್ನು ಸಹಿಸದ ಮನಸ್ಸು. ಶಿಕ್ಷಕನಾದವನು ನೋಡಬೇಕಾದದ್ದು ನಡತೆಯನ್ನು. ಹೆಸರನ್ನು ನೋಡಿ ಹೊರಟರೆ ಎರಡು ಕಡೆ ಎಡವುತ್ತೇವೆ: ನಮ್ಮವನೆಂದು ಅಪಾಯದವನನ್ನು ಬಿಡುತ್ತೇವೆ, ನಮ್ಮವನಲ್ಲವೆಂದು ನಿರಪರಾಧಿಯನ್ನು ಹಿಡಿಯುತ್ತೇವೆ. ಎರಡನೆಯದೂ ಬರಿಯ ಕಲ್ಪನೆಯಲ್ಲ. 2008ರ ಆರಂಭದಲ್ಲಿ ಭಯೋತ್ಪಾದನೆಯ ಸಂಚಿನ ಆರೋಪದ ಮೇಲೆ ಬಂಧನಗಳಾದಾಗ, ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದುತ್ತಿದ್ದ ಹುಡುಗನೂ ಅವರಲ್ಲಿದ್ದ. 2015ರಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಆ ಪ್ರಕರಣದ 17 ಮಂದಿಯನ್ನೂ ಖುಲಾಸೆಗೊಳಿಸಿತು. ಅಷ್ಟರಲ್ಲಿ ಏಳು ವರ್ಷಗಳು ಕಳೆದಿದ್ದವು. ಓದುವ ವಯಸ್ಸಿನ ಏಳು ವರ್ಷಗಳನ್ನು ಯಾವ ತೀರ್ಪೂ ಮರಳಿ ಕೊಡಲಾರದು.

ಹಾಗಾದರೆ ಗುರುತಿಸುವುದು ಹೇಗೆ? ಒಂದೇ ದಿನದ ಸಿಟ್ಟು, ಒಂದು ಜಗಳ, ಒಂದು ಮೌನ ಇವು ಲಕ್ಷಣಗಳಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಇವು ಸಹಜ. ನೋಡಬೇಕಾದದ್ದು ಮರುಕಳಿಕೆಯನ್ನು ಮತ್ತು ಬದಲಾವಣೆಯನ್ನು. ಬೇಡವೆಂದ ಮೇಲೂ ಬೆನ್ನು ಬಿಡದಿರುವುದು, 'ನನಗೆ ಸಿಗದಿದ್ದರೆ ಯಾರಿಗೂ ಸಿಗಬಾರದು' ಎಂಬ ಧಾಟಿಯ ಮಾತು, ಬೆದರಿಕೆ, ಆಯುಧದ ಪ್ರಸ್ತಾಪ, ಇಂಥ ಹತ್ಯೆಗಳ ಬಗ್ಗೆ ಮೆಚ್ಚುಗೆ, ನಗುತ್ತಿದ್ದವನು ಎಲ್ಲರಿಂದ ದೂರವಾಗಿ ಬದುಕೇ ಸಾಕೆನ್ನುವುದು. ಈ ಕೊನೆಯದು ಬಹಳ ಸಲ ಪರರಿಗಲ್ಲ, ತನಗೇ ಅಪಾಯ ಮಾಡಿಕೊಳ್ಳುವವನ ಲಕ್ಷಣ. ಅವನಿಗೆ ಬೇಕಾದದ್ದು ದೂರಲ್ಲ, ಆಸರೆ. ನಮ್ಮ ಧಾರವಾಡದಲ್ಲಿಯೇ ಡಿಮ್ಹಾನ್ಸ್ ಇದೆ. ಟೆಲಿ-ಮಾನಸ್‌ನ 14416 ಸಂಖ್ಯೆಯಲ್ಲಿ ಹಗಲಿರುಳೂ ಕನ್ನಡದಲ್ಲಿ ಮಾತನಾಡುವವರಿದ್ದಾರೆ.

ಹೇಳುವುದು ಯಾರಿಗೆ? ಹೆಣ್ಣುಮಕ್ಕಳ ಪೀಡನೆಯ ವಿಷಯಕ್ಕೆ ಪ್ರತಿ ಕಾಲೇಜಿನಲ್ಲೂ ಆಂತರಿಕ ದೂರು ಸಮಿತಿ ಇರಲೇಬೇಕು. 2015ರ ಯುಜಿಸಿ ನಿಯಮಾವಳಿಯಂತೆ, ದೂರಿಗೆ ವಿದ್ಯಾರ್ಥಿಗಳು ಸಂಬಂಧಪಟ್ಟಿದ್ದರೆ ಅದರಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳೂ ಕೂಡಬೇಕು. ಜೀವಬೆದರಿಕೆ ಇದ್ದರೆ ಸಮಿತಿಯ ದಾರಿ ಕಾಯಬಾರದು; 112ಕ್ಕೆ ಕರೆ ಮಾಡಬೇಕು. ಹದಿನೆಂಟು ತುಂಬದ ಮಕ್ಕಳಿಗೆ 1098 ಇದೆ. ಮತ್ತು ಬರೆದು ಕೊಡಬೇಕು: ಯಾವ ದಿನ, ಎಲ್ಲಿ, ಏನು ಕಂಡೆ, ಏನು ಕೇಳಿದೆ ಎಂಬಷ್ಟನ್ನೇ. ನಮ್ಮ ಊಹೆಯನ್ನು ಬೆರೆಸಬಾರದು. ಇತಿಹಾಸದ ಪಾಠದಲ್ಲಿ ಶಾಸನ ಬೇರೆ, ಐತಿಹ್ಯ ಬೇರೆ ಎಂದು ನಿಮಗೆ ಕಲಿಸಿದ್ದು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆಯಬೇಕು. ವಾರದಲ್ಲಿ ಏನಾಯಿತೆಂದು ಮತ್ತೆ ಹೋಗಿ ಕೇಳಬೇಕು. ಮುಖ್ಯವಾಗಿ, ಅಪಾಯಕ್ಕೀಡಾದ ಹುಡುಗಿಗೆ ವಿಷಯ ಗೊತ್ತಿರಬೇಕು. ಅವಳ ಮಾತು ಕೇಳದೆ, 'ಓದು ಬಿಡಿಸಿ' ಎಂಬ ಪರಿಹಾರಕ್ಕೆ ಮನೆಯವರು ಹೋಗದಂತೆ ನೋಡಿಕೊಳ್ಳಬೇಕು.

ಮೂರು ದಿನಗಳ ಬಳಿಕ ನಾನೇ ಆ ವಿದ್ಯಾರ್ಥಿನಿಗೆ ಫೋನ್ ಮಾಡಿದೆ. "ತಂಗಿ, ತೀರ್ಪು ಕೊಡೂದು ನಿನ್ನ ಕೆಲಸ ಅಲ್ಲ. ಕಂಡದ್ದನ್ನು ಕಂಡಷ್ಟೇ ಹೇಳೂದು ನಿನ್ನ ಕೆಲಸ. ಹಂಗ ಹೇಳಿದರ ಆ ಹುಡುಗನ ಬಾಳೂ ಉಳದೀತು" ಎಂದೆ. ಅವಳು ಅಷ್ಟರಲ್ಲಾಗಲೇ ಹುಡುಗಿಯನ್ನು ಕೂಡಿಸಿಕೊಂಡು ಮಾತನಾಡಿ, ಇಬ್ಬರೂ ಸೇರಿ ಸಮಿತಿಗೆ ಬರೆದುಕೊಟ್ಟಿದ್ದರು. ಹುಡುಗನ ತಂದೆಯನ್ನು ಕರೆಸಿದ್ದಾರಂತೆ. ಹುಡುಗನಿಗೆ ಆಪ್ತಸಮಾಲೋಚನೆ ನಡೆದಿದೆಯಂತೆ. ಮುಂದೇನಾಗುವುದೋ ತಿಳಿಯದು. ಆದರೆ ಆ ಹುಡುಗಿ ದಿನವೂ ಕಾಲೇಜಿಗೆ ಬರುತ್ತಿದ್ದಾಳೆ, ತನ್ನ ದಾರಿಯಲ್ಲಿಯೇ.

ಶಿಷ್ಯೆ ಗುರುವಿಗಿಂತ ಮುಂದೆ ಹೋದಳೆಂಬ ಸಂತೋಷ ಒಂದು ಕಡೆ. ಬೇರೆ ದಾರಿ ಹಿಡಿಯೆಂದು ನಾನು ಕಳುಹಿಸಿದ ಆ ಇನ್ನೊಬ್ಬಳು ಈಗ ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ. ಎಲ್ಲಿದ್ದರೂ, ಅವಳ ಮಗಳು ಇಂಥ ಮಾತನ್ನು ಯಾರಿಗಾದರೂ ಹೇಳಿದರೆ, ಕೇಳುವವರು ನನಗಿಂತ ಒಳ್ಳೆಯವರಾಗಿರಲಿ.