ಕಣಕ ಕತ್ತರಿಸಲು ತಿಮಿಂಗಿಲದ ಹಲ್ಲು

ಕರ್ಜಿಕಾಯಿ ಮಾಡುವಾಗ ಹೂರಣ ತುಂಬಿ ಮಡಚಿದ ಹಾಳೆಯ ಅಂಚನ್ನು ಹಲ್ಲುಹಲ್ಲಾದ ಪುಟ್ಟ ಚಕ್ರವೊಂದನ್ನು ಉರುಳಿಸಿ ಕತ್ತರಿಸುವುದನ್ನು ನೀವು ನೋಡಿರಬಹುದು. ಹಿತ್ತಾಳೆಯ ಒಂದು ಹಿಡಿ, ಅದರ ತುದಿಯಲ್ಲಿ ಅಲೆಯಂಚಿನ ಗಾಲಿ, ಇಷ್ಟೇ ಆ ಉಪಕರಣ. ಯುರೋಪಿನ ಅಡುಗೆಮನೆಗಳಲ್ಲೂ ಇದು ಹಳೆಯದು. ಪೋಪ್‌ಗಳಿಗೆ ಬಾಣಸಿಗನಾಗಿದ್ದ ಇಟಲಿಯ ಬಾರ್ಟೊಲೊಮಿಯೊ ಸ್ಕಾಪಿ 1570ರಲ್ಲಿ ಪ್ರಕಟಿಸಿದ ಪಾಕಗ್ರಂಥದ ಚಿತ್ರಗಳಲ್ಲಿ ಇಂಥದೊಂದು ಚಕ್ರವಿದೆ. ಕುದುರೆ ಸವಾರನ ಹಿಮ್ಮಡಿಯ ಮುಳ್ಳುಗಾಲಿಯ ಹೆಸರನ್ನೇ ಅದಕ್ಕೂ ಇಟ್ಟಿದ್ದಾರೆ.

ಆದರೆ ಈ ಉಪಕರಣದ ಅತ್ಯಂತ ಸುಂದರ ಮಾದರಿಗಳನ್ನು ಮಾಡಿದವರು ಲೋಹಗಾರರೂ ಅಲ್ಲ, ಬಾಣಸಿಗರೂ ಅಲ್ಲ. 19ನೆಯ ಶತಮಾನದಲ್ಲಿ ಅಮೆರಿಕದ ನಾಂಟಕೆಟ್ ಮತ್ತು ನ್ಯೂ ಬೆಡ್‌ಫರ್ಡ್ ಬಂದರುಗಳಿಂದ ತಿಮಿಂಗಿಲ ಬೇಟೆಗೆ ಹೊರಟ ನಾವಿಕರು ಅವನ್ನು ನಡುಕಡಲಿನಲ್ಲಿ, ತಾವೇ ಕೊಂದ ಪ್ರಾಣಿಯ ಹಲ್ಲಿನಿಂದ ಮಾಡಿದರು.

ಅವರ ಬೇಟೆಗೆ ಕಾರಣ ಬೆಳಕು. ಸ್ಪರ್ಮ್ ತಿಮಿಂಗಿಲದ ತಲೆಯಲ್ಲಿ ದೊರೆಯುವ ಸ್ಪರ್ಮಸೆಟಿ ಎಂಬ ಮೇಣದಂಥ ವಸ್ತುವಿನಿಂದ ಮಾಡಿದ ಬತ್ತಿ ಹೊಗೆಯಿಲ್ಲದೆ, ಒಂದೇ ಸಮನೆ ಉರಿಯುತ್ತಿತ್ತು. (ಭೌತವಿಜ್ಞಾನದವರಾದ ನಮಗೂ ಅದರ ಋಣವಿದೆ. 1860ರಲ್ಲಿ ಇಂಗ್ಲೆಂಡಿನ ಕಾನೂನು ಬೆಳಕಿನ ತೀವ್ರತೆಯ ಮಾನವಾದ 'ಕ್ಯಾಂಡಲ್ ಪವರ್'ಅನ್ನು ನಿರೂಪಿಸಿದ್ದು ಸ್ಪರ್ಮಸೆಟಿ ಮೇಣದಬತ್ತಿಯಿಂದಲೇ.) ಎಣ್ಣೆಗೂ ಮೇಣಕ್ಕೂ ಒಳ್ಳೆಯ ಬೆಲೆಯಿತ್ತು. ಹಲ್ಲಿಗೆ ಅಷ್ಟು ಬೆಲೆ ಇರಲಿಲ್ಲವಾದ್ದರಿಂದ ಅದು ನಾವಿಕರ ಪಾಲಿಗೆ ಬಂತು.

ಬೇಟೆಯ ಹಡಗಿನಲ್ಲಿ ವಿರಾಮಕ್ಕೆ ಬರವಿರಲಿಲ್ಲ. ಹಡಗು ನಡೆಸಲು ಕೆಲವೇ ಜನ ಸಾಕಾದರೂ ಸುಮಾರು 30 ಮಂದಿ ಇರಲೇಬೇಕಿತ್ತು. ತಿಮಿಂಗಿಲ ಕಂಡೊಡನೆ ಕೆಳಗಿಳಿಸುವ ಮೂರುನಾಲ್ಕು ದೋಣಿಗಳಿಗೆ ತಲಾ ಆರು ಜನ ಬೇಕಾಗಿತ್ತು. ತಿಮಿಂಗಿಲ ಕಾಣದ ದಿನಗಳು, ಒಮ್ಮೊಮ್ಮೆ ವಾರಗಳು, ಈ ಜನಕ್ಕೆಲ್ಲ ಕೆಲಸವಿಲ್ಲ. ಒಂದು ಯಾನ ಮೂರುನಾಲ್ಕು ವರ್ಷ ಹಿಡಿಯುತ್ತಿತ್ತು. ಸಂಬಳವೆಂಬುದಿಲ್ಲ, ಕೊನೆಗೆ ಲಾಭದಲ್ಲೊಂದು ಪಾಲು ಮಾತ್ರ. ಹಡಗಿನ ಅಂಗಡಿಯ ಸಾಲ ಕಳೆದಾಗ ಎಷ್ಟೋ ಜನ ಬರಿಗೈಲಿ ಇಳಿದರು. ಕೈಯಲ್ಲಿ ಕೆತ್ತಿದ ವಸ್ತುವೊಂದನ್ನು ಮನೆಗೆ ಒಯ್ಯುವುದಕ್ಕೆ ಆಗ ಎಂಥ ಅರ್ಥವಿದ್ದೀತು, ಯೋಚಿಸಿ. ಹೀಗೆ ಹಲ್ಲು, ಮೂಳೆಗಳಲ್ಲಿ ಮಾಡಿದ ಕೆಲಸಕ್ಕೆ ಸ್ಕ್ರಿಮ್‌ಷಾ ಎಂದು ಹೆಸರು. ಹರ್ಮನ್ ಮೆಲ್ವಿಲ್ 1851ರ 'ಮೋಬಿ ಡಿಕ್' ಕಾದಂಬರಿಯಲ್ಲಿ ಇದನ್ನು ವರ್ಣಿಸಿದ್ದಾನೆ.

ಊರಿನಲ್ಲಿ ತಾಯಿಯೋ ಹೆಂಡತಿಯೋ ಮಾಡುತ್ತಿದ್ದ ತಿಂಡಿ ಪೈ. ಕೊಬ್ಬು ಬೆರೆಸಿ ಕಲಸಿದ ಕಣಕದ ಹಾಳೆಯ ಮೇಲೆ ಸೇಬಿನ ಅಥವಾ ಮಾಂಸದ ಹೂರಣ, ಅದರ ಮೇಲೆ ಇನ್ನೊಂದು ಹಾಳೆ. ಎರಡರ ಅಂಚನ್ನೂ ಕತ್ತರಿಸಿ ಒಟ್ಟಿಗೆ ಅಂಟಿಸಬೇಕು. ಚಾಕು ಎಳೆದರೆ ಕಣಕವೂ ಜೊತೆಗೆ ಎಳೆದುಕೊಳ್ಳುತ್ತದೆ. ಹಿಟ್ಟಿನ ಗ್ಲೂಟೆನ್ ರಬ್ಬರಿನಂತೆ ಹಿಗ್ಗಿ ಮತ್ತೆ ಕುಗ್ಗುವುದರಿಂದ ಅಂಚು ಸೊಟ್ಟಗಾಗುತ್ತದೆ. ಉರುಳುವ ಚಕ್ರದಲ್ಲಿ ಹಾಗಲ್ಲ. ಜಾರದೆ ಉರುಳುವ ಗಾಲಿಯ ಯಾವ ಬಿಂದು ನೆಲಕ್ಕೆ ತಾಗಿದೆಯೋ ಆ ಬಿಂದುವಿನ ವೇಗ ಆ ಕ್ಷಣಕ್ಕೆ ಸೊನ್ನೆ. ಆದ್ದರಿಂದ ಅದು ಕಣಕವನ್ನು ಎಳೆಯುವುದಿಲ್ಲ, ನೇರ ಕೆಳಕ್ಕೆ ಒತ್ತುತ್ತದೆ. ಅಂಚು ಅಲೆಯಾಗಿದ್ದರೆ ಎರಡು ಹಾಳೆಗಳು ಕೂಡುವ ಗೆರೆ ಉದ್ದವಾಗಿ ಬೆಸುಗೆ ಬಿಗಿಯಾಗುತ್ತದೆ. ಕೆಲವು ಚಕ್ರಗಳ ಹಿಡಿಯ ಇನ್ನೊಂದು ತುದಿಯಲ್ಲಿ ಪುಟ್ಟ ಮುಳ್ಳುಚಮಚವಿದೆ. ಒಳಗಿನ ಹಬೆ ಹೊರಹೋಗಲು ಮೇಲಿನ ಹಾಳೆಯನ್ನು ಚುಚ್ಚುವುದಕ್ಕೆ ಅದು.

ಈಗ ಮಾಡುವವನ ಕಷ್ಟ ನೋಡೋಣ. ಚಕ್ರದ ವ್ಯಾಸ 4 ಸೆಂ.ಮೀ. ಎಂದಿಟ್ಟುಕೊಳ್ಳಿ. ಪರಿಧಿ ಸುಮಾರು 12.6 ಸೆಂ.ಮೀ. ಅದರಲ್ಲಿ 30 ಅಲೆಗಳಿದ್ದರೆ ಒಂದೊಂದಕ್ಕೂ 4.2 ಮಿ.ಮೀ. ಒಂದು ಕಡೆಯಿಂದ ಶುರುಮಾಡಿ, ಪ್ರತಿ ಅಲೆಗೂ 0.1 ಮಿ.ಮೀ.ನಂತೆ ಒಂದೇ ದಿಕ್ಕಿಗೆ ತಪ್ಪುತ್ತ ಹೋದರೆ ಸುತ್ತು ಮುಗಿಯುವಾಗ 3 ಮಿ.ಮೀ. ವ್ಯತ್ಯಾಸ! ಕೊನೆಯ ಅಲೆಗೆ ಜಾಗವೇ ಉಳಿಯದು. ತ್ರಿಜ್ಯದಷ್ಟು ಅಗಲಿಸಿದ ಕೈವಾರ ಪರಿಧಿಯನ್ನು ಸರಿಯಾಗಿ ಆರು ಭಾಗ ಮಾಡುತ್ತದೆ, ಅವನ್ನು ಅರ್ಧಿಸುತ್ತ ಹೋದರೆ 12, 24, 48. ತಪ್ಪು ಕೂಡಿಕೊಳ್ಳದಂತೆ ಭಾಗಿಸಲು ಇದಕ್ಕಿಂತ ಸುಲಭದ ದಾರಿ ನನಗೆ ತೋಚದು. ಆಮೇಲೆ ಒಂದು ಮುಖದಿಂದ ಒಂದು ಗೀರು, ಎದುರು ಮುಖದಿಂದ ಅರ್ಧ ಹೆಜ್ಜೆ ಸರಿಸಿ ಇನ್ನೊಂದು, ಹೀಗೆ ಅರದಿಂದ ತೀಡಿದರೆ ಅಂಚು ತಾನಾಗಿ ಅಲೆಯಾಗುತ್ತದೆ. ನಡುವಿನ ರಂಧ್ರ 1 ಮಿ.ಮೀ. ಆಚೀಚೆಯಾದರೂ ಅಕ್ಷ ಪ್ರತಿ ಸುತ್ತಿಗೆ 2 ಮಿ.ಮೀ. ಏರಿಳಿಯುತ್ತದೆ, ಕೈ ಅದನ್ನು ಸರಿದೂಗಿಸದಿದ್ದರೆ ಕಣಕ ಅಲ್ಲಲ್ಲಿ ಕತ್ತರಿಸದೆ ಉಳಿಯುತ್ತದೆ. ಇದೆಲ್ಲ ತೂಗಾಡುವ ಹಡಗಿನಲ್ಲಿ, ಬಹುಮಟ್ಟಿಗೆ ಚಾಕು ಮತ್ತು ಅರಗಳಿಂದ. ಕೆಲವು ಹಡಗುಗಳಲ್ಲಿ ಬಡಗಿಯ ಬಳಿ ಲೇತ್ ಇದ್ದುದೂ ಉಂಟು.

ವಸ್ತುವೂ ಸುಲಭದ್ದಲ್ಲ. ಸ್ಪರ್ಮ್ ತಿಮಿಂಗಿಲಕ್ಕೆ ಕೆಲಸಕ್ಕೆ ಬರುವ ಹಲ್ಲುಗಳಿರುವುದು ಕೆಳದವಡೆಯಲ್ಲಿ ಮಾತ್ರ. ದೊಡ್ಡ ಹಲ್ಲು ಸುಮಾರು 20 ಸೆಂ.ಮೀ. ಉದ್ದ. ಬುಡದ ಕಡೆ ಟೊಳ್ಳು, ಹೊರಮೈ ಏಣುಏಣು. ಅದನ್ನು ಕೆರೆದು, ಶಾರ್ಕಿನ ಒರಟು ಚರ್ಮದಿಂದ ಉಜ್ಜಿ ನಯ ಮಾಡುತ್ತಿದ್ದರು. ಹಿಡಿಯನ್ನು ಹಾವು, ಒಂಟಿಕೊಂಬಿನ ಕುದುರೆ, ಕಡಲಕುದುರೆಗಳ ಆಕಾರದಲ್ಲಿ ಕೆತ್ತಿದ್ದುಂಟು. ಇಂಥ ಹಿಡಿ ಹಿಡಿದು ದಿನವೂ ಪೈ ಮಾಡುವುದು ಕಷ್ಟವೇ. ಅವು ಗೋಡೆಗೂಡಿನಲ್ಲಿ ನೋಡಲಿಕ್ಕೆಂದೇ ಇದ್ದವೇನೋ ಎಂದು ನನಗೆ ಅನುಮಾನ.

1859ರಲ್ಲಿ ಪೆನ್ಸಿಲ್ವೇನಿಯದ ಟೈಟಸ್‌ವಿಲ್‌ನಲ್ಲಿ ಎಡ್ವಿನ್ ಡ್ರೇಕ್ ಕೊರೆದ ಬಾವಿಯಿಂದ ಕಲ್ಲೆಣ್ಣೆ ಬಂತು, ಸೀಮೆಎಣ್ಣೆ ಅಗ್ಗವಾಯಿತು, ತಿಮಿಂಗಿಲದೆಣ್ಣೆಯ ದೀಪ ಆರುತ್ತ ಬಂತು. ನ್ಯೂ ಬೆಡ್‌ಫರ್ಡಿನಲ್ಲಿ 1841ರಲ್ಲಿ ಕಟ್ಟಿದ 'ಚಾರ್ಲ್ಸ್ ಡಬ್ಲ್ಯು. ಮಾರ್ಗನ್' ಹಡಗು ತನ್ನ 37 ಬೇಟೆಯಾನಗಳಲ್ಲಿ ಕೊನೆಯದನ್ನು 1921ರಲ್ಲಿ ಮುಗಿಸಿ, ಈಗ ಕನೆಕ್ಟಿಕಟ್‌ನ ಮಿಸ್ಟಿಕ್ ವಸ್ತುಸಂಗ್ರಹಾಲಯದಲ್ಲಿ ತಂಗಿದೆ. ಅಮೆರಿಕದ 1972ರ ಕಡಲ ಸಸ್ತನಿ ರಕ್ಷಣಾ ಕಾನೂನಿನ ನಂತರ ಹೊಸ ಹಲ್ಲು ಸಿಗುವಂತಿಲ್ಲ. ಹಾಗಾಗಿ ಪ್ಲಾಸ್ಟಿಕ್ಕಿನ ನಕಲುಗಳು ಹುಟ್ಟಿಕೊಂಡಿವೆ. ನೇರಳಾತೀತ ಬೆಳಕು ಬಿಟ್ಟರೆ ನಿಜವಾದ ದಂತ ನೀಲಿಬಿಳುಪಾಗಿ ಹೊಳೆಯುತ್ತದೆ, ಪ್ಲಾಸ್ಟಿಕ್ಕು ಸಾಮಾನ್ಯವಾಗಿ ಮಂಕಾಗಿ ಕಾಣುತ್ತದೆ.

ಆದರೆ ಯಾರು ಮಾಡಿದರೆಂದು ಹೇಳುವ ಬೆಳಕು ಯಾವುದೂ ಇಲ್ಲ. 1828-29ರಲ್ಲಿ 'ಸೂಸನ್' ಹಡಗಿನಲ್ಲಿದ್ದ ಫ್ರೆಡರಿಕ್ ಮೈರಿಕ್ ಹಲ್ಲುಗಳ ಮೇಲೆ ಚಿತ್ರ ಕೊರೆದು ಹೆಸರನ್ನೂ ದಿನಾಂಕವನ್ನೂ ಬರೆದಿಟ್ಟ. ಪೈ ಚಕ್ರಗಳಲ್ಲಿ ಅದು ತೀರ ಅಪರೂಪ. ಕೆಲವದರ ಮೇಲೆ ಹೆಸರಿನ ಮೊದಲ ಅಕ್ಷರಗಳಿವೆ. ಅವು ಮಾಡಿದವನವೋ, ಪಡೆದವಳವೋ ಎಂದು ಅಕ್ಷರಗಳಿಂದಷ್ಟೇ ತಿಳಿಯುವುದಿಲ್ಲ.