ಮನೆಗೆ ಬಂದು ಮತ್ತೆ ಅಂಚೆಕಚೇರಿಗೆ ಮರಳಿದ ಕಾಗದಗಳು

ಊರು ಬಿಟ್ಟು ಬಂದ ಕನ್ನಡಿಗರ ಮನೆಗಳಲ್ಲಿ ಹಿಂದೆ ಒಂದು ವಸ್ತು ತಪ್ಪದೆ ಇರುತ್ತಿತ್ತು. ಅದು ಗೋಡೆಯ ಮೊಳೆಗೆ ನೇತುಹಾಕಿದ, ತುದಿ ಬಾಗಿದ ಒಂದು ತಂತಿ. ಬಂದ ಕಾಗದವನ್ನು ಮನೆಮಂದಿಯೆಲ್ಲ ಓದಿಯಾದ ಮೇಲೆ ಅದಕ್ಕೆ ಚುಚ್ಚುವುದು ವಾಡಿಕೆ. ತಂತಿ ತುಂಬಿದರೆ ಕಂತೆಗೆ ದಾರ ಕಟ್ಟಿ ಟ್ರಂಕಿನ ತಳಕ್ಕೆ ಸೇರಿಸುತ್ತಿದ್ದೆವು. ತಂಗಿಯ ಮದುವೆಯ ಮಾತುಕತೆ, ಜಮೀನಿನ ತಕರಾರು, ಅಜ್ಜನ ಕೆಮ್ಮು, ಮಳೆ ಬಂತೋ ಇಲ್ಲವೋ ಎಂಬ ಸುದ್ದಿ ಎಲ್ಲವೂ ಆ ಕಂತೆಯಲ್ಲಿರುತ್ತಿತ್ತು. ಮನೆತನದ ಚರಿತ್ರೆ ಬೇಕಾದವರು ಟ್ರಂಕು ತೆಗೆದರೆ ಸಾಕಾಗಿತ್ತು.

ಈಚಿನ ಇಪ್ಪತ್ತೈದು ಮೂವತ್ತು ವರ್ಷಗಳ ನಮ್ಮ ಕಾಗದಗಳು ಎಲ್ಲಿವೆ? ಈ ಪ್ರಶ್ನೆಯನ್ನು ಕೇಳಿದರೆ ಬಹುಮಂದಿ ಒಂದು ಕ್ಷಣ ತಡವರಿಸುತ್ತಾರೆ. ಕಾಗದ ಬರೆಯುವುದನ್ನು ನಾವು ಬಿಟ್ಟವರಲ್ಲ. ಅಮೇರಿಕೆಗೆ ಹೋದ ಮಗ, ಧಾರವಾಡದಲ್ಲಿ ಉಳಿದ ಭಾವ, ಎಲ್ಲರೂ ಇ-ಮೇಲಿನಲ್ಲಿ ಧಾರಾಳವಾಗಿಯೇ ಬರೆದರು. ಆದರೆ ಅವು ಉಳಿದಿವೆಯೆ, ಉಳಿದಿದ್ದರೆ ಯಾರ ಬಳಿ? ಇದಕ್ಕೆ ಉತ್ತರ ಬೇಕಾದರೆ ಇ-ಮೇಲು ಓದಿಸುವ ಪ್ರೋಗ್ರಾಮುಗಳ ಚರಿತ್ರೆಯನ್ನೇ ಸ್ವಲ್ಪ ಕೆದಕಬೇಕಾಗುತ್ತದೆ.

ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಪತ್ರ ಕಳಿಸಿದ ಮೊದಲಿಗ ಅಮೇರಿಕದ ರೇ ಟಾಮ್ಲಿನ್ಸನ್, 1971ರಲ್ಲಿ. ವಿಳಾಸದ ನಡುವೆ ‘@’ ಚಿಹ್ನೆಯನ್ನು ತಂದವರೂ ಅವರೇ. ಅದೇ ವರ್ಷ ಬೆಲ್ ಪ್ರಯೋಗಾಲಯದ ಯುನಿಕ್ಸ್ ವ್ಯವಸ್ಥೆಯ ಮೊದಲ ಕೈಪಿಡಿಯಲ್ಲಿ ‘ಮೇಲ್’ ಎಂಬ ಆಜ್ಞೆ ಕಾಣಿಸಿಕೊಂಡಿತು. ಯುನಿಕ್ಸಿನವರು ಪತ್ರಗಳನ್ನು ಇಟ್ಟ ಕ್ರಮ ನಮ್ಮಂಥ ಗುಮಾಸ್ತರಿಗೆ ಥಟ್ಟನೆ ಅರ್ಥವಾಗುವಂಥದು. ಒಬ್ಬನಿಗೆ ಒಂದೇ ಫೈಲು. ಬಂದ ಪತ್ರಗಳೆಲ್ಲ ಒಂದರ ಹಿಂದೆ ಒಂದು ಅದಕ್ಕೇ ಸೇರುತ್ತವೆ, ಟ್ಯಾಗು ಹಾಕಿದ ಪತ್ರವ್ಯವಹಾರದ ಫೈಲಿನಂತೆ. ಒಂದು ಪತ್ರ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಯಿತು ಎಂಬುದಕ್ಕೆ ಗುರುತು ‘ಫ್ರಮ್’ ಎಂದು ಶುರುವಾಗುವ ಸಾಲು. ಪತ್ರದ ಒಡಲಲ್ಲೇ ಯಾರಾದರೂ ಆ ಪದದಿಂದ ಸಾಲು ಆರಂಭಿಸಿದರೆ ಗತಿಯೇನು? ಯಂತ್ರ ಅದನ್ನು ಹೊಸ ಪತ್ರವೆಂದೇ ತಿಳಿದುಬಿಡುತ್ತದೆ. ಆದ್ದರಿಂದ ಆ ಪದದ ಹಿಂದೆ ಒಂದು ಬಾಣದ ಗುರುತನ್ನು ತುರುಕುವ ಪದ್ಧತಿ ಬಂತು. ಹಳೆಯ ಇ-ಮೇಲುಗಳಲ್ಲಿ ವಾಕ್ಯದ ಮೊದಲಿಗೆ ಕಾರಣವಿಲ್ಲದೆ ಬಾಣವೊಂದು ನಿಂತಿರುವುದನ್ನು ವಾಚಕರು ನೋಡಿರಬಹುದು. ಅದರ ಮೂಲ ಇದು. ಈ ಫೈಲಿನ ಕ್ರಮಕ್ಕೆ ‘ಎಂಬಾಕ್ಸ್’ ಎಂದು ಹೆಸರು. ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಮತ್ತೆ ಬರುತ್ತದೆ.

ಆಗಿನ ಯಂತ್ರಗಳು ಹಗಲಿರುಳೂ ಓಡುತ್ತಿದ್ದ ದೊಡ್ಡ ಯಂತ್ರಗಳು. ಮೇಜಿನ ಮೇಲಿನ ಸಣ್ಣ ಕಂಪ್ಯೂಟರು ಬಂದಾಗ ತೊಡಕು ಹುಟ್ಟಿತು. ಅದನ್ನು ಸಂಜೆ ಆರಿಸಿ ಹೋದರೆ ರಾತ್ರಿ ಬಂದ ಪತ್ರವನ್ನು ತೆಗೆದುಕೊಳ್ಳುವವರು ಯಾರು? 1984ರಲ್ಲಿ ರೂಪುಗೊಂಡ ‘ಪೋಸ್ಟ್ ಆಫೀಸ್ ಪ್ರೋಟೊಕಾಲ್’ ಅಥವಾ ‘ಪಾಪ್’ ಇದಕ್ಕೆ ಪರಿಹಾರ. ಪತ್ರ ದೊಡ್ಡ ಯಂತ್ರದಲ್ಲಿ, ಅಂದರೆ ಅಂಚೆಕಚೇರಿಯಲ್ಲಿ, ಕಾದಿರುತ್ತದೆ. ನಾವು ಬಂದು ಕೇಳಿದಾಗ ಕೈಗೆ ಕೊಟ್ಟು, ತನ್ನ ಬಳಿಯ ಪ್ರತಿಯನ್ನು ಅಳಿಸಿಹಾಕುತ್ತದೆ. ಮುಂದಿನದು ನಮ್ಮ ಜವಾಬ್ದಾರಿ.

ಈ ವಿಧಾನವನ್ನು ಮನೆಮಾತಾಗಿಸಿದ್ದು ‘ಯೂಡೋರಾ’. ಇಲಿನಾಯ್ ವಿಶ್ವವಿದ್ಯಾಲಯದ ಸ್ಟೀವ್ ಡಾರ್ನರ್ 1988ರಲ್ಲಿ ಅದನ್ನು ಬರೆದರು. ಹೆಸರಿನ ಕಥೆ ಸ್ವಾರಸ್ಯದ್ದು. ಯೂಡೋರಾ ವೆಲ್ಟಿ ಎಂಬ ಅಮೇರಿಕದ ಲೇಖಕಿ ಬರೆದ ಒಂದು ಕಥೆಯಲ್ಲಿ ಮನೆಯವರೊಂದಿಗೆ ಜಗಳವಾಡಿಕೊಂಡ ಹೆಂಗಸೊಬ್ಬಳು ಸಾಮಾನು ಸಹಿತ ಅಂಚೆಕಚೇರಿಗೇ ಬಂದು ಬಿಡಾರ ಹೂಡುತ್ತಾಳೆ. ಡಾರ್ನರ್ ತಮ್ಮ ಪ್ರೋಗ್ರಾಮಿಗೆ ಆ ಲೇಖಕಿಯ ಹೆಸರಿಟ್ಟರು. ಅಂಚೆಕಚೇರಿಯನ್ನೇ ನೀವಿರುವಲ್ಲಿಗೆ ತರುತ್ತೇವೆ ಎಂಬ ಅರ್ಥದ ಘೋಷಣೆಯೂ ಅದಕ್ಕೆ ಸೇರಿಕೊಂಡಿತು. ಪತ್ರ ಮನೆಗೆ ಬಂತು. ಅದೂ ಎಂಬಾಕ್ಸಿನ ಬಗೆಯ ಸರಳ ಫೈಲುಗಳಲ್ಲಿ. ಫ್ಲಾಪಿಗೆ ನಕಲು ಮಾಡಿ ಬೀರುವಿನಲ್ಲಿಟ್ಟರೆ ಹಳೆಯ ಟ್ರಂಕಿನಷ್ಟೇ ಭದ್ರ.

ಇನ್ನೊಂದು ಪಂಥವೂ ಇತ್ತು. ಸ್ಟ್ಯಾನ್‌ಫರ್ಡಿನ ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ‘ಐಮ್ಯಾಪ್’ ಎಂಬ ವಿಧಾನವನ್ನು ರೂಪಿಸಿದರು. ಪತ್ರ ಅಂಚೆಕಚೇರಿಯಲ್ಲೇ ಇರಲಿ, ಓದುವವನು ಯಾವ ಯಂತ್ರದಿಂದಲಾದರೂ ಬಂದು ಓದಿ ಹೋಗಲಿ ಎಂಬುದು ಅವರ ವಾದ. ಇದು ಕಾಲಕ್ಕಿಂತ ಮುಂದಿದ್ದ ವಿಚಾರ. ಆದರೆ ಯಾವಾಗಲೂ ತಂತಿ ಜೋಡಿಸಿಕೊಂಡಿರುವವರಿಗೆ ಮಾತ್ರ ಒಪ್ಪುವಂಥದು. ಟೆಲಿಫೋನಿನ ಮೀಟರು ಓಡುತ್ತಿರುವಾಗ ಕಾಗದ ಓದುವ ಧೈರ್ಯ ಯಾರಿಗಿದೆ?

ನಮ್ಮ ದೇಶದಲ್ಲಿ ಇದೇ ನಿರ್ಣಾಯಕವಾಯಿತು. 1986ರಲ್ಲಿ ಆರಂಭವಾದ ‘ಅರ್ನೆಟ್’ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳು, ಮುಂಬಯಿಯ ಎನ್‌ಸಿಎಸ್‌ಟಿ ಸೇರಿದ್ದವು. ಅದು ವಿದ್ವಾಂಸರ ಜಾಲ. ಸಾರ್ವಜನಿಕರಿಗೆ ಇಂಟರ್ನೆಟ್ಟು ದೊರೆತದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಮೊದಲಿಗೆ ಮುಂಬಯಿ, ದಿಲ್ಲಿ, ಕಲಕತ್ತೆ, ಮದರಾಸುಗಳಲ್ಲಿ. ಈ ಒಂದು ವಿಷಯದಲ್ಲಿ ನಾವು ಹೊರನಾಡ ಕನ್ನಡಿಗರು ಬೆಂಗಳೂರಿನವರಿಗಿಂತ ಒಂದು ಹೆಜ್ಜೆ ಮುಂದಿದ್ದೆವು ಎಂದು ಹೇಳಿಕೊಂಡರೆ ಅಲ್ಲಿಯವರು ಬೇಸರಿಸಲಾರರು. ಅಗ್ಗದ ಖಾತೆಯಲ್ಲಿ ಚಿತ್ರವಿಲ್ಲ, ಬರೀ ಅಕ್ಷರ. ವಾಷಿಂಗ್ಟನ್ ವಿಶ್ವವಿದ್ಯಾಲಯದ ‘ಪೈನ್’ ಎಂಬ ಪ್ರೋಗ್ರಾಮಿನಲ್ಲಿ ಓದಬೇಕು. ಮುಂದೆ ಪಾಪ್ ಬಂದ ಮೇಲೆ ಮನೆಗಳಲ್ಲಿ ಒಂದು ಕ್ರಮ ಬೆಳೆಯಿತು: ಡಯಲು ಮಾಡು, ಪತ್ರ ಇಳಿಸಿಕೊ, ಲೈನು ಕಡಿ, ಆಮೇಲೆ ಚಹಾ ಕುಡಿಯುತ್ತ ಓದು. ಉತ್ತರ ಬರೆದು ‘ಔಟ್‌ಬಾಕ್ಸ್’ನಲ್ಲಿಟ್ಟರೆ ನಾಳೆಯ ಡಯಲಿನಲ್ಲಿ ಹೋಗುತ್ತದೆ. ನಮ್ಮ ಕಚೇರಿಯ ಡಿಸ್ಪ್ಯಾಚ್ ವಿಭಾಗಕ್ಕಿಂತ ಇದು ಹೆಚ್ಚು ಭಿನ್ನವೇನಲ್ಲ.

ಪತ್ರ ಹೆಚ್ಚಿದಾಗ ವಿಂಗಡಿಸುವವನೂ ಬೇಕಷ್ಟೆ. ಮನುಷ್ಯನ ಕೈಯಿಲ್ಲದೆ ವಿಂಗಡಿಸುವ ಯೋಚನೆ ಹಳೆಯದು. ಎಂಐಟಿಯ ಥಾಮಸ್ ಮ್ಯಾಲೋನ್ ಮತ್ತು ಸಂಗಡಿಗರು 1980ರ ದಶಕದ ನಡುವಿನಲ್ಲೇ ‘ಇನ್ಫರ್ಮೇಷನ್ ಲೆನ್ಸ್’ ಎಂಬ ಪ್ರಯೋಗ ನಡೆಸಿ, ಇಂಥವರಿಂದ ಬಂದರೆ ಇಲ್ಲಿ ಹಾಕು, ಇಂಥ ವಿಷಯವಾದರೆ ಅಲ್ಲಿ ಹಾಕು ಎಂಬ ನಿಯಮಗಳನ್ನು ಸಾಮಾನ್ಯನೇ ಬರೆಯಬಹುದೆಂದು ತೋರಿಸಿದರು. 1990ರಲ್ಲಿ ಯುನಿಕ್ಸಿನವರಿಗೆ ‘ಪ್ರೊಕ್‌ಮೇಲ್’ ಬಂತು. ಯೂಡೋರಾ, ಔಟ್‌ಲುಕ್‌ಗಳಲ್ಲಿ ಅದೇ ಕೆಲಸ ‘ಫಿಲ್ಟರ್’, ‘ರೂಲ್ಸ್’ ಎಂಬ ಹೆಸರಿನಲ್ಲಿ ಗುಂಡಿ ಒತ್ತುವಷ್ಟು ಸುಲಭವಾಯಿತು.

ತಾನಾಗಿ ಉತ್ತರ ಕೊಡುವ ಪ್ರೋಗ್ರಾಮಿನ ಕಥೆ ಇನ್ನೂ ತಮಾಷೆಯದು. ಎರಿಕ್ ಆಲ್ಮನ್ ಬರೆದ ‘ವೆಕೇಷನ್’, ನಾನು ರಜೆಯಲ್ಲಿದ್ದೇನೆ ಎಂದು ಪತ್ರ ಬರೆದವರಿಗೆ ತಿಳಿಸುತ್ತದೆ. ಇಬ್ಬರೂ ರಜೆಯಲ್ಲಿದ್ದರೆ? ಇವನ ಯಂತ್ರ ಅವನಿಗೆ, ಅವನ ಯಂತ್ರ ಇವನಿಗೆ, ಮುಗಿಯದ ಪತ್ರವ್ಯವಹಾರ. ಇದನ್ನು ತಡೆಯಲು ಒಬ್ಬನಿಗೆ ವಾರಕ್ಕೆ ಒಂದೇ ಉತ್ತರ ಎಂಬ ಕಟ್ಟುಪಾಡು ಮಾಡಿದರು. ಎರಡು ಇಲಾಖೆಗಳ ನಡುವೆ ಜ್ಞಾಪನಪತ್ರಗಳು ಓಡಾಡುವುದನ್ನು ಕಂಡ ನಮಗೆ ಈ ಕಟ್ಟುಪಾಡು ಬೇರೆಡೆಯೂ ಇದ್ದಿದ್ದರೆ ಎನ್ನಿಸುತ್ತದೆ.

ಯಂತ್ರಕ್ಕೆ ಅಧಿಕಾರ ಕೊಟ್ಟುದರ ಬೆಲೆಯನ್ನೂ ತೆರಬೇಕಾಯಿತು. 1999ರ ಮಾರ್ಚಿನ ‘ಮೆಲಿಸ್ಸಾ’ ವೈರಸ್ಸು ಔಟ್‌ಲುಕ್‌ನ ವಿಳಾಸ ಪುಸ್ತಕದ ಮೊದಲ 50 ಹೆಸರುಗಳಿಗೆ ತನ್ನನ್ನೇ ಕಳಿಸಿಕೊಂಡಿತು. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸಿನಿಂದ ಹೊರಟ ‘ಐ ಲವ್ ಯೂ’ ಪುಸ್ತಕದಲ್ಲಿದ್ದ ಎಲ್ಲರಿಗೂ ಕಳಿಸಿತು. ಪ್ರೇಮಪತ್ರದ ಆಸೆಯಿಂದ ತೆರೆದವರು ಎಷ್ಟೋ ಮಂದಿ.

ಆದರೆ ಮನೆಯ ಕಾಗದಗಳನ್ನು ನುಂಗಿದ್ದು ವೈರಸ್ಸಿಗಿಂತ ಹೆಚ್ಚಾಗಿ ಅವುಗಳನ್ನು ಇಟ್ಟ ಜಾಗ. 1997ರಿಂದ ವಿಂಡೋಸಿನೊಂದಿಗೆ ಪುಕ್ಕಟೆಯಾಗಿ ಬರುತ್ತಿದ್ದ ‘ಔಟ್‌ಲುಕ್ ಎಕ್ಸ್‌ಪ್ರೆಸ್’ ನಮ್ಮ ಮನೆಗಳಲ್ಲಿ ಬಹಳ ಕಾಲ ಆಳಿತು. ಅದು ಪತ್ರಗಳನ್ನು ‘ಡಿಬಿಎಕ್ಸ್’ ಎಂಬ ತನ್ನದೇ ಬಗೆಯ ಫೈಲುಗಳಲ್ಲಿ ಇಡುತ್ತಿತ್ತು. ಆ ಫೈಲುಗಳಿದ್ದುದು ಕಣ್ಣಿಗೆ ಬೀಳದಂತೆ ಮರೆಮಾಡಿದ ಫೋಲ್ಡರಿನೊಳಗೆ, ಅದರೊಳಗಿನ ಮತ್ತೊಂದರೊಳಗೆ, ಅದರೊಳಗೆ ಅಂಕಿ ಅಕ್ಷರಗಳ ಉದ್ದನೆಯ ಹೆಸರಿನ ಇನ್ನೊಂದರೊಳಗೆ. ಯಂತ್ರ ಕೆಟ್ಟಾಗ ರಿಪೇರಿಗೆ ಬಂದ ಹುಡುಗ ‘ಮೈ ಡಾಕ್ಯುಮೆಂಟ್ಸ್’ನಲ್ಲಿದ್ದುದನ್ನೆಲ್ಲ ಶ್ರದ್ಧೆಯಿಂದ ಸಿಡಿಗೆ ಹಾಕಿಕೊಟ್ಟು ಡಿಸ್ಕನ್ನು ಫಾರ್ಮ್ಯಾಟು ಮಾಡುತ್ತಿದ್ದ. ಪಾಪ್ ಪದ್ಧತಿಯಂತೆ ಅಂಚೆಕಚೇರಿಯ ಪ್ರತಿ ಮೊದಲೇ ಅಳಿದಿರುತ್ತಿತ್ತು. ಹೀಗೆ ಹೋದ ಕಾಗದಗಳು ನಮ್ಮ ಪರಿಚಯದ ಮನೆಗಳಲ್ಲೇ ಹಲವು. ತೀರಿಕೊಂಡ ತಂದೆಯವರು ಬರೆದ ಏಕಮಾತ್ರ ದೀರ್ಘಪತ್ರವೂ ಅವುಗಳಲ್ಲಿ ಒಂದು.

ಕಚೇರಿಗಳ ಔಟ್‌ಲುಕ್‌ನಲ್ಲಿ ಇನ್ನೊಂದು ಬಗೆಯ ಅಪಾಯ. ಅದರ ‘ಪಿಎಸ್‌ಟಿ’ ಫೈಲು 97ರಿಂದ 2002ರವರೆಗಿನ ಆವೃತ್ತಿಗಳಲ್ಲಿ 2 ಜಿಬಿ ಮೀರುವಂತಿರಲಿಲ್ಲ. ಮೀರಿದರೆ ಫೈಲು ಕೆಟ್ಟು ತೆರೆಯಲೇ ನಿರಾಕರಿಸುತ್ತಿತ್ತು. ಅದಕ್ಕಾಗಿ ಮೈಕ್ರೋಸಾಫ್ಟಿನವರೇ ಕೊಟ್ಟ ಉಪಕರಣ ಮಾಡುತ್ತಿದ್ದುದು, ಫೈಲಿನ ಒಂದಷ್ಟು ಭಾಗವನ್ನು ಕತ್ತರಿಸಿಹಾಕಿ ಉಳಿದುದನ್ನು ದುರಸ್ತಿಗೆ ಒಪ್ಪಿಸುವುದು. ಕತ್ತರಿಸಿದ ಭಾಗದಲ್ಲಿ ಏನಿತ್ತೋ ಅದು ಹೋಯಿತು. 2003ರ ಆವೃತ್ತಿಯಲ್ಲಿ ಮಿತಿ 20 ಜಿಬಿಗೆ ಏರಿತು, ಜೊತೆಗೆ ಫೈಲು ಯೂನಿಕೋಡಿಗೆ ಬಂತು.

ಈ ಯೂನಿಕೋಡಿನ ಮಾತು ಕನ್ನಡಿಗರಿಗೆ ಸಣ್ಣದಲ್ಲ. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಸ್ಥಾನ ದೊರೆತಿತ್ತು. ಆದರೆ ವಿಂಡೋಸಿನಲ್ಲಿ ಅದು ಮನೆಮನೆಗೆ ತಲುಪಿದ್ದು 2001ರ ಎಕ್ಸ್‌ಪಿಯಿಂದ, ‘ತುಂಗಾ’ ಅಕ್ಷರಗಳೊಂದಿಗೆ. ಅದಕ್ಕೆ ಮೊದಲು 1998ರಲ್ಲಿ ಬಂದ ‘ಬರಹ’ ನಮ್ಮ ಪಾಲಿಗೆ ವರವಾಯಿತು. ಆಗ ಕನ್ನಡ ಅಕ್ಷರ ಕುಳಿತಿದ್ದುದು ಇಂಗ್ಲಿಷಿನ ಸಂಕೇತಗಳ ಮೇಲೆ. ಅದೇ ಫಾಂಟು ಎದುರಿನವರ ಯಂತ್ರದಲ್ಲಿಯೂ ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಗೀಚು. ಬೇಸತ್ತು ಎಷ್ಟೋ ಮಂದಿ ಇಂಗ್ಲಿಷ್ ಲಿಪಿಯಲ್ಲೇ ಕನ್ನಡ ಬರೆದರು. ಆ ಕಾಲದ ಇ-ಮೇಲು ಇಂದು ಕೈಗೆ ಸಿಕ್ಕಿ ಗೀಚಿನಂತೆ ಕಂಡರೆ ಅಳಿಸಬಾರದು. ಫಾಂಟಿನ ಹೆಸರು ತಿಳಿದರೆ ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ, ಅದರೊಳಗಿನ ಕನ್ನಡ ಹಾಗೆಯೇ ಇದೆ.

ಅಷ್ಟರಲ್ಲಿ ಪತ್ರಗಳು ಅಂಚೆಕಚೇರಿಗೆ ಮರಳತೊಡಗಿದ್ದವು. ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ 1996ರ ಜುಲೈ 4ರಂದು ‘ಹಾಟ್‌ಮೇಲ್’ ತೆರೆದರು. ಸೈಬರ್ ಕೆಫೆಯಲ್ಲಿ ಕುಳಿತು ಓದುವವರಿಗೆ ಅದು ಅನುಕೂಲ. ಆದರೆ ಜಾಗ ಬರಿಯ 2 ಎಂಬಿ. 30 ದಿನ ಆ ಕಡೆ ತಲೆಹಾಕದಿದ್ದರೆ ಪೆಟ್ಟಿಗೆ ಖಾಲಿ. ಊರಿಗೆ ರಜೆಯಲ್ಲಿ ಹೋಗಿ ಬರುವಷ್ಟರಲ್ಲಿ ಕಾಗದ ಕಳೆದುಕೊಂಡವರುಂಟು. 2004ರ ಏಪ್ರಿಲ್ 1ರಂದು ಜಿಮೇಲ್ 1 ಜಿಬಿ ಕೊಡುತ್ತೇವೆ ಎಂದಾಗ, ದಿನದ ಮಹಿಮೆಯಿಂದ, ಅನೇಕರು ನಗೆಚಾಟಿಕೆಯೆಂದೇ ಭಾವಿಸಿದರು. ಆಮೇಲೆ ಅಳಿಸುವ ಅಗತ್ಯವೇ ತಪ್ಪಿತು, ಇಳಿಸಿಕೊಳ್ಳುವ ಅಭ್ಯಾಸವೂ ತಪ್ಪಿತು. ಯೂಡೋರಾದ ಮಾರಾಟವನ್ನು ನಿಲ್ಲಿಸುವುದಾಗಿ ಕ್ವಾಲ್‌ಕಾಮ್ 2006ರಲ್ಲಿ ಸಾರಿತು. ಔಟ್‌ಲುಕ್ ಎಕ್ಸ್‌ಪ್ರೆಸ್ ವಿಸ್ತಾದೊಂದಿಗೆ ಮರೆಯಾಯಿತು. ವಿಂಡೋಸ್ 10ರ ‘ಮೇಲ್’ ಕೂಡ 2024ರ ಡಿಸೆಂಬರ್ 31ರಂದು ನಿಂತಿತು.

ದೊಡ್ಡ ಅಂಚೆಕಚೇರಿ ಸುಭದ್ರವಲ್ಲವೆ ಎಂದು ಕೇಳಬಹುದು. ಬಹುಮಟ್ಟಿಗೆ ಹೌದು. 2011ರ ಫೆಬ್ರವರಿಯಲ್ಲಿ ಜಿಮೇಲಿನ ಶೇಕಡ 0.02ರಷ್ಟು ಗ್ರಾಹಕರ ಪೆಟ್ಟಿಗೆಗಳು ಒಂದು ದೋಷದಿಂದ ಬರಿದಾದವು. ಜಾಲದಲ್ಲಿದ್ದ ಪ್ರತಿಗಳಿಗೂ ದೋಷ ತಟ್ಟಿತ್ತು. ಕೊನೆಗೆ ಕಾಪಾಡಿದ್ದು ಜಾಲಕ್ಕೆ ಸೇರದೆ ಬೇರೆಯಾಗಿಟ್ಟಿದ್ದ ಟೇಪುಗಳು. ಟೇಪಿನ ಮಹಿಮೆ ಅಮೇರಿಕದ ಶ್ವೇತಭವನಕ್ಕೂ ಗೊತ್ತು. 1986ರ ನವೆಂಬರಿನಲ್ಲಿ, ಇರಾನಿಗೆ ಆಯುಧ ಮಾರಿದ ಹಗರಣ ಬಯಲಾಗುತ್ತಿದ್ದಾಗ, ಆಲಿವರ್ ನಾರ್ತ್ ಮತ್ತು ಜಾನ್ ಪಾಯಿಂಡೆಕ್ಸ್‌ಟರ್ ಕಚೇರಿಯ ಇ-ಮೇಲುಗಳನ್ನು ಅಳಿಸಿದರು. ಆದರೆ ರೂಢಿಯಂತೆ ತೆಗೆದಿಟ್ಟಿದ್ದ ಟೇಪುಗಳಲ್ಲಿ ಅವುಗಳ ಪ್ರತಿಗಳಿದ್ದವು, ತನಿಖೆಯವರ ಕೈಗೆ ಸಿಕ್ಕವು. ಸರಕಾರಕ್ಕೆ ನಮ್ಮಲ್ಲೂ ಕಟ್ಟಳೆಯಿದೆ: 1993ರ ಸಾರ್ವಜನಿಕ ದಾಖಲೆಗಳ ಕಾಯಿದೆ ಕಂಪ್ಯೂಟರಿನಲ್ಲಿ ಹುಟ್ಟಿದುದನ್ನೂ ದಾಖಲೆಯೆಂದೇ ಗಣಿಸುತ್ತದೆ. ಮನೆಯ ಕಾಗದಕ್ಕೆ ಅಂಥ ಕಾಯಿದೆಯಿಲ್ಲ.

ಮನೆಯವರೇ ಎಚ್ಚರವಾಗಿರಬೇಕಾದ ಕಾರಣ ಈಗ ಇನ್ನೊಂದು ಸೇರಿದೆ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ತೀರಿಕೊಂಡ ಹಿರಿಯರ ಖಾತೆಗಳಿಗೆ ಇದು ನೇರವಾಗಿ ತಗಲುತ್ತದೆ. ಸಮಾಧಾನದ ಸಂಗತಿಯೆಂದರೆ, ಅದೇ ಕಂಪನಿ 2013ರ ಡಿಸೆಂಬರಿನಿಂದ ಪೆಟ್ಟಿಗೆಯ ಪತ್ರಗಳನ್ನೆಲ್ಲ ಒಟ್ಟಾಗಿ ಇಳಿಸಿಕೊಳ್ಳಲು ಬಿಡುತ್ತಿದೆ; ಕೊಡುವುದು 1971ರ ಯುನಿಕ್ಸಿನಿಂದ ಬಂದ ಅದೇ ಎಂಬಾಕ್ಸ್ ರೂಪದಲ್ಲಿ. 2004ರಿಂದ ಪುಕ್ಕಟೆಯಾಗಿ ಸಿಗುತ್ತಿರುವ ‘ಥಂಡರ್‌ಬರ್ಡ್’ ಕೂಡ ಪತ್ರಗಳನ್ನು ಸಾಮಾನ್ಯವಾಗಿ ಅದೇ ರೂಪದಲ್ಲಿಡುತ್ತದೆ. ಆ ಫೈಲಿನ ಎರಡು ನಕಲು ಮಾಡಿ, ಒಂದನ್ನು ಮನೆಯಲ್ಲಿ, ಇನ್ನೊಂದನ್ನು ಊರಿನ ಅಣ್ಣತಮ್ಮಂದಿರ ಮನೆಯಲ್ಲಿ ಇಡುವುದು ಸುಲಭ. ಇಟ್ಟ ಮೇಲೆ ವರ್ಷಕ್ಕೊಮ್ಮೆ, ಯುಗಾದಿಗೋ ದೀಪಾವಳಿಗೋ, ಅದನ್ನು ತೆರೆದು ಹತ್ತು ವರ್ಷದ ಹಿಂದಿನ ಒಂದು ಪತ್ರವನ್ನು ಓದಿ ನೋಡಬೇಕು.